ನಾಲ್ಕು ಒಲಿಂಪಿಕ್‌ಗಳ ಚಕ್ರಧಾರಿ

ಎರಡು ಕಿಲೋಗ್ರಾಂ ತೂಕದ ಒಂದು ಚಕ್ರ; ಎರಡೂವರೆ ಮೀಟರ್ ವ್ಯಾಸದ ಒಂದು ವೃತ್ತ. ಇಷ್ಟು ಕಿರಿದಾದ ಎಡೆಯಲ್ಲಿ ಗಿರ್ರನೆ ತಿರುಗಿ, ಅಂಚು ದಾಟದಂತೆ ಕಾಲನ್ನು ನಿಲ್ಲಿಸಿ, ಚಕ್ರವನ್ನು ಬಹುದೂರಕ್ಕೆ ಬೀಸಬೇಕು. ನೋಟಕ್ಕೆ ಇದು ಕೇವಲ ಭುಜಬಲದ ಸ್ಪರ್ಧೆ. ಆದರೆ ಭುಜಬಲವೊಂದೇ ಸಾಲದು ಎಂಬುದಕ್ಕೆ ಅಮೆರಿಕದ ಆಲ್ ಓರ್ಟರನ ಬಾಳೇ ಸಾಕ್ಷಿ. 1956ರಿಂದ 1968ರವರೆಗಿನ ನಾಲ್ಕು ಒಲಿಂಪಿಕ್ ಕೂಟಗಳಲ್ಲಿಯೂ ಚಕ್ರ ಎಸೆತದ ಸ್ವರ್ಣಪದಕ ಅವನದೇ. ಸೋಜಿಗವೆಂದರೆ, ಆ ನಾಲ್ಕರಲ್ಲಿ ಒಂದಕ್ಕೂ ಆತ ವಿಶ್ವದಾಖಲೆಯ ಒಡೆಯನಾಗಿ ಹೋದವನಲ್ಲ!

1936ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಓರ್ಟರನು ಶಾಲೆಯಲ್ಲಿ ಓಟಗಾರನಾಗಿದ್ದನು. ಒಂದು ದಿನ ಯಾರೋ ಎಸೆದ ಚಕ್ರ ಅವನ ಕಾಲ ಬಳಿ ಬಂದು ಬಿದ್ದಿತಂತೆ. ಅದನ್ನೆತ್ತಿ ಹಿಂದಕ್ಕೆಸೆದಾಗ ಅದು ಮೊದಲು ಎಸೆದವನ ತಲೆಯ ಮೇಲಿಂದ ಹಾರಿ ಆಚೆಗೆ ಬಿದ್ದಿತು. ಹುಡುಗನ ಹಾದಿ ಅಂದೇ ಬದಲಾಯಿತು.

1956ರ ಮೆಲ್ಬೋರ್ನ್ ಕೂಟದಲ್ಲಿ ಎಲ್ಲರ ಕಣ್ಣೂ ವಿಶ್ವದಾಖಲೆ ಹೊಂದಿದ್ದ ಫಾರ್ಚೂನ್ ಗಾರ್ಡಿಯನ್‌ನ ಮೇಲಿತ್ತು. ಇಪ್ಪತ್ತರ ತರುಣ ಓರ್ಟರನು ಮೊದಲ ಎಸೆತದಲ್ಲಿಯೇ 56.36 ಮೀಟರ್ ಸಾಧಿಸಿ ಗೆದ್ದುಬಿಟ್ಟನು. ಮರುವರ್ಷವೇ ಮೋಟಾರು ಅಪಘಾತವೊಂದರಲ್ಲಿ ಸಾವಿನ ದವಡೆಯಿಂದ ಪಾರಾದನು.

1960ರ ರೋಮ್ ಕೂಟದಲ್ಲಿ ನಡೆದುದು ಕ್ರೀಡಾಲೋಕ ಮರೆಯಲಾಗದ ಸಂಗತಿ. ನಾಲ್ಕು ಎಸೆತಗಳು ಮುಗಿದಾಗ ಮುಂದಿದ್ದವನು ಸ್ವದೇಶದವನೇ ಆದ ರಿಂಕ್ ಬಾಬ್ಕಾ. ಓರ್ಟರನ ಎಡಗೈಯ ಭಂಗಿಯಲ್ಲಿದ್ದ ದೋಷವನ್ನು ಬಾಬ್ಕಾನೇ ಎತ್ತಿ ತೋರಿಸಿದನು. ಅದನ್ನು ತಿದ್ದಿಕೊಂಡು ಎಸೆದ ಐದನೆಯ ಚಕ್ರ 59.18 ಮೀಟರ್ ಹೋಗಿ ಬಿದ್ದಿತು. ಶಿಷ್ಯನಂತೆ ಕೇಳಿದವನಿಗೆ ಸ್ವರ್ಣ, ಗುರುವಿನಂತೆ ಹೇಳಿದವನಿಗೆ ರಜತ!

1962ರಲ್ಲಿ 61.10 ಮೀಟರ್ ಎಸೆದು, ಇನ್ನೂರು ಅಡಿಯ ಗಡಿಯನ್ನು ಅಧಿಕೃತವಾಗಿ ದಾಟಿದ ಮೊದಲಿಗನೆನಿಸಿದನು. ಆದರೆ 1964ರ ಟೋಕಿಯೋ ಕೂಟದ ಹೊತ್ತಿಗೆ ವಿಶ್ವದಾಖಲೆ ಜೆಕೊಸ್ಲೊವಾಕಿಯಾದ ಲುಡ್ವಿಕ್ ಡಾನ್ಯೆಕ್‌ನ ಪಾಲಾಗಿತ್ತು. ಮೊದಲೇ ಕತ್ತಿನ ನೋವು. ಸ್ಪರ್ಧೆಗೆ ಕೆಲವೇ ದಿನಗಳಿರುವಾಗ ಪಕ್ಕೆಲುಬಿನ ಮೃದ್ವಸ್ಥಿಯೂ ಹರಿಯಿತು. ವೈದ್ಯರು ವಿಶ್ರಾಂತಿ ವಿಧಿಸಿದರು. ಓರ್ಟರನು ಪಕ್ಕೆಗೆ ಪಟ್ಟಿ ಬಿಗಿದುಕೊಂಡು ಕಣಕ್ಕಿಳಿದನು. ಐದನೆಯ ಎಸೆತದಲ್ಲಿ ಇದ್ದ ಶಕ್ತಿಯನ್ನೆಲ್ಲ ಸುರಿದು, ನೋವಿನಿಂದ ಬಾಗಿಹೋದನು. ಅಳೆದಾಗ 61.00 ಮೀಟರ್, ಮೂರನೆಯ ಸ್ವರ್ಣ.

1968ರ ಮೆಕ್ಸಿಕೋ ಕೂಟಕ್ಕೆ ಜೇ ಸಿಲ್ವೆಸ್ಟರ್ ಬಂದುದು 68.40 ಮೀಟರಿನ ವಿಶ್ವದಾಖಲೆಯೊಂದಿಗೆ. ಮಳೆಯಿಂದ ಸ್ಪರ್ಧೆ ತಡವಾಯಿತು, ವೃತ್ತ ಒದ್ದೆಯಾಗಿತ್ತು. ಮೂವತ್ತೆರಡರ ಓರ್ಟರನು ಮೂರನೆಯ ಯತ್ನದಲ್ಲಿ 64.78 ಮೀಟರ್ ಎಸೆದನು. ಅದು ಅದುವರೆಗಿನ ಅವನ ಜೀವನದ ಅತ್ಯುತ್ತಮ ಎಸೆತ. ಸಿಲ್ವೆಸ್ಟರನಿಗೆ ದಕ್ಕಿದ್ದು ಐದನೆಯ ಸ್ಥಾನ. ಓಟ, ನೆಗೆತ, ಎಸೆತಗಳ ಪೈಕಿ ಒಂದೇ ಸ್ಪರ್ಧೆಯನ್ನು ಸತತ ನಾಲ್ಕು ಒಲಿಂಪಿಕ್‌ಗಳಲ್ಲಿ ಗೆದ್ದವರಲ್ಲಿ ಓರ್ಟರನೇ ಮೊದಲಿಗ. 1996ರಲ್ಲಿ ಕಾರ್ಲ್ ಲೂಯಿಸ್ ಉದ್ದನೆಗೆತದಲ್ಲಿ ಆ ಸಾಧನೆಯನ್ನು ಸರಿಗಟ್ಟಿದನು.

ಕಥೆ ಇಲ್ಲಿಗೇ ಮುಗಿಯಲಿಲ್ಲ. ನಿವೃತ್ತನಾಗಿದ್ದ ಓರ್ಟರನು ನಲವತ್ತರ ಆಚೆಗೆ ಪುನಃ ಚಕ್ರ ಹಿಡಿದು, 1980ರಲ್ಲಿ, ತನ್ನ ನಲವತ್ತಮೂರನೆಯ ವಯಸ್ಸಿನಲ್ಲಿ, 69.46 ಮೀಟರ್ ಎಸೆದನು! ಆ ವರ್ಷದ ಮಾಸ್ಕೋ ಒಲಿಂಪಿಕ್ ಸ್ವರ್ಣಕ್ಕೆ ಸಾಕಾದದ್ದು 66.64 ಮೀಟರ್ ಮಾತ್ರ. ಆದರೆ ದೇಶದ ಆಯ್ಕೆ ಸ್ಪರ್ಧೆಯಲ್ಲಿ ಅವನಿಗೆ ದೊರೆತುದು ನಾಲ್ಕನೆಯ ಸ್ಥಾನ. ಅಮೆರಿಕವೂ ಆ ಕೂಟವನ್ನು ಬಹಿಷ್ಕರಿಸಿತ್ತು.

ಮುಂದೆ ಚಿತ್ರಕಲೆಯಲ್ಲಿ ಮನಸ್ಸಿಟ್ಟ ಓರ್ಟರನು 2007ರ ಅಕ್ಟೋಬರ್ 1ರಂದು ಫ್ಲಾರಿಡಾದಲ್ಲಿ ನಿಧನನಾದನು. ದಾಖಲೆಯ ಬಲದಲ್ಲಿ ಅವನಿಗಿಂತ ಮುಂದಿದ್ದವರು ಪ್ರತಿ ಸಲವೂ ಇದ್ದರು. ಒಲಿಂಪಿಕ್ ಕಣದಲ್ಲಿ ಅವನನ್ನು ಸೋಲಿಸಿದವರು ಮಾತ್ರ ಒಬ್ಬರೂ ಇಲ್ಲ.