ಬಯಲುಸೀಮೆಯಲ್ಲಿ ಭರವಸೆ ಬೆಳೆದ ಬಗೆ

2022ರ ಸೆಪ್ಟೆಂಬರ್ ಮೊದಲ ವಾರ ಮಾರಿಕಣಿವೆ ಕೋಡಿ ಬಿತ್ತು. ಮಾರಿಕಣಿವೆ ಎಂದೇ ಜನ ಕರೆಯುವ ವಾಣಿವಿಲಾಸ ಸಾಗರದ ನೀರು 130 ಅಡಿ ಮುಟ್ಟಿ ಹೊರಗೆ ಹರಿದದ್ದು 89 ವರ್ಷಗಳ ಬಳಿಕ. ಹಿಂದೊಮ್ಮೆ ಹಾಗೆ ಹರಿದದ್ದು 1933ರಲ್ಲಿ. ಆ ಸಲದ ಕೋಡಿಗೆ ಮುಖ್ಯ ಕಾರಣ ಆ ವರ್ಷದ ಭಾರೀ ಮಳೆ. ಆದರೆ ಜಲಾಶಯದಲ್ಲಿದ್ದ ನೀರಿನಲ್ಲಿ ಒಂದು ಪಾಲು ಭದ್ರೆಯದು. ಅದು ತರೀಕೆರೆ ಸೀಮೆಯಲ್ಲಿ ಪಂಪುಗಳ ಮೂಲಕ ಮೇಲೇರಿ, ಅಜ್ಜಂಪುರದ ಗುಡ್ಡದೊಳಗಿನ ಸುರಂಗ ದಾಟಿ, ವೇದಾವತಿ ಸೇರಿ ಬಂದಿತ್ತು. ಹಿರಿಯೂರಿನವರು ಬಾಗಿನ ಬಿಟ್ಟು ಸಂಭ್ರಮಿಸಿದ ಆ ದಿನಗಳ ಹಿಂದೆ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ದೊಡ್ಡ ಕಥೆಯೊಂದಿದೆ.

ಈ ಕಥೆಯನ್ನು ಈಗ ಹೇಳಲು ಕಾರಣವಿದೆ. ಮಗನೋ ಮಗಳೋ ಅಮೆರಿಕದಲ್ಲಿರುವ ಮನೆಗಳು ಕಡೂರು, ಬೀರೂರು, ತರೀಕೆರೆಗಳಲ್ಲೂ ಇವೆ. ಅಲ್ಲಿಂದ ಬರುವ ಸುದ್ದಿಯಲ್ಲಿ ಕೆಲವು ವರ್ಷಗಳಿಂದ ಕಳವಳವೇ ಹೆಚ್ಚು. 2021ರ ಜನವರಿ 6ರಂದು ಜನರ ಗುಂಪು ಸಂಸತ್ ಭವನಕ್ಕೇ ನುಗ್ಗಿತು. ಎರಡು ಪಕ್ಷದವರು ಒಂದೇ ಊಟದ ಮೇಜಿಗೆ ಕೂರಲಾರದಷ್ಟು ದೂರವಾದರು. ವೀಸಾ, ಕೆಲಸ, ಬೆಲೆ ಎಲ್ಲದರಲ್ಲೂ ಅನಿಶ್ಚಿತತೆ. ಅಷ್ಟು ದೊಡ್ಡ ಪ್ರಜಾಪ್ರಭುತ್ವವೇ ಹೀಗಾದರೆ ನಮ್ಮ ಗತಿಯೇನು ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಗೆ ಉತ್ತರ ರಾಜಧಾನಿಗಳಲ್ಲಿ ಸಿಗುವುದಿಲ್ಲ. ಬರ ಕಂಡ ಸಣ್ಣ ಊರುಗಳಲ್ಲಿ ಸಿಗುತ್ತದೆ, ಇಲ್ಲಿಯೂ ಅಲ್ಲಿಯೂ.

ಚಂದ್ರದ್ರೋಣ ಪರ್ವತದ ಪಡುವಣ ಮಗ್ಗುಲಿಗೆ ಸುರಿಯುವ ಮುಂಗಾರು ಮೂಡಣ ಮಗ್ಗುಲಿಗೆ ಬರುವಷ್ಟರಲ್ಲಿ ಬರಿದಾಗುತ್ತದೆ. ಕೆಮ್ಮಣ್ಣುಗುಂಡಿಯಲ್ಲಿ ತಿಂಗಳುಗಟ್ಟಲೆ ಮಂಜು, ಮಳೆ. ಅಲ್ಲಿಂದ ಕೆಲವೇ ಗಂಟೆಗಳ ದಾರಿಯ ಅಜ್ಜಂಪುರ, ಶಿವನಿ, ಯಗಟಿ ಕಡೆ ಮೋಡ ನೋಡುತ್ತ ಕೂರುವ ರೈತರು. ಈ ನೆಲದ ಹಿರಿಯರು ಮಳೆಯ ಈ ತಾರತಮ್ಯವನ್ನು ಕೆರೆಗಳಿಂದ ಸರಿದೂಗಿಸಿದರು. ಬೆಟ್ಟದಲ್ಲಿ ಹುಟ್ಟುವ ವೇದಾ ಹೊಳೆ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯನ್ನು ತುಂಬಿಸಿದರೆ, ಅವತಿ ಹೊಳೆ ಮದಗದ ಕೆರೆಯನ್ನು ತುಂಬಿಸುತ್ತದೆ. ಎರಡೂ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಅಯ್ಯನಕೆರೆ ಕಟ್ಟಿಸಿದವನು ರುಕ್ಮಾಂಗದರಾಯ ಎಂಬುದು ಊರವರ ನಂಬಿಕೆ. ಕಟ್ಟಿದವರು ಯಾರೇ ಆಗಿರಲಿ, ಕೆರೆಯನ್ನು ಉಳಿಸಿದ್ದು ಅಚ್ಚುಕಟ್ಟಿನ ಕಟ್ಟುಪಾಡು. ತೂಬು ಎತ್ತುವ ದಿನ, ಗದ್ದೆಗೆ ನೀರು ಬಿಡುವ ಸರದಿ, ನೀರು ಕಮ್ಮಿಯಾದ ವರ್ಷ ಯಾವ ಬೆಳೆ ಬಿಡಬೇಕೆಂಬ ತೀರ್ಮಾನ ಎಲ್ಲವೂ ಊರ ಮಾತು. ಅದನ್ನು ನಡೆಸುತ್ತಿದ್ದವನು ನೀರುಗಂಟಿ.

1947ರಲ್ಲಿ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟೆಯ ಕೆಲಸ ಶುರುವಾಗಿ 1965ರ ಹೊತ್ತಿಗೆ ಮುಗಿಯಿತು. 71.5 ಟಿಎಂಸಿ ನೀರು ನಿಂತಿತು. ಭದ್ರಾವತಿ, ಚನ್ನಗಿರಿ, ದಾವಣಗೆರೆ ಸೀಮೆಯಲ್ಲಿ ಭತ್ತ, ಅಡಿಕೆ ನಳನಳಿಸಿದವು. ಅಣೆಕಟ್ಟೆ ಇರುವ ತಾಲ್ಲೂಕಿನಲ್ಲೇ ನಾಲೆಗಿಂತ ಎತ್ತರದಲ್ಲಿದ್ದ ಹಳ್ಳಿಗಳು, ಆಚೆಯ ಕಡೂರು, ಅಜ್ಜಂಪುರದ ಬಯಲು ಒಣಗಿಯೇ ಉಳಿದವು. ಹಿನ್ನೀರಿನಲ್ಲಿ ಮುಳುಗಿದ ಊರುಗಳ ನೋವು ಬೇರೆ.

1983ರ ನಂತರ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿದರು. ಜನ ಅವರನ್ನು ಪ್ರೀತಿಯಿಂದ ನೀರ್ ಸಾಬ್ ಎಂದರು. ಅವರ ಕಾಲದಲ್ಲೇ, 1987ರಲ್ಲಿ, ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಚುನಾವಣೆ ನಡೆದು, ನಾಲ್ಕನೇ ಒಂದು ಭಾಗ ಸ್ಥಾನಗಳಿಗೆ ಹೆಣ್ಣುಮಕ್ಕಳು ಬಂದರು. ಆದರೆ ಕುಡಿಯುವ ನೀರಿಗೆಂದು ಬಂದ ಬೋರ್‌ವೆಲ್ಲನ್ನು ತೋಟಗಳೂ ನೆಚ್ಚಿಕೊಂಡವು. ಕೆರೆಯ ಕಟ್ಟುಪಾಡು ಸಡಿಲವಾಯಿತು. ಪಕ್ಕದವನು 500 ಅಡಿ ಕೊರೆದರೆ ಇವನು 700, ಅವನು ಸಾವಿರ. ಬರ ಬಿದ್ದ ವರ್ಷಗಳಲ್ಲಿ ಕಡೂರು ಸೀಮೆಯ ತೆಂಗಿನ ಮರಗಳು ಸುಳಿ ಬಾಡಿ ನಿಂತವು. ಸಾಲ ಮಾಡಿ ಕೊರೆಸಿದ ಗುಂಡಿಯಲ್ಲಿ ದೂಳು ಬಂದ ಮನೆಗಳ ಸಂಕಟ ಈ ಭಾಗದಲ್ಲಿ ಯಾರಿಗೂ ವಿವರಿಸಿ ಹೇಳಬೇಕಿಲ್ಲ.

ಈ ಸಂಕಟದಿಂದಲೇ ಭದ್ರಾ ಮೇಲ್ದಂಡೆ ಯೋಜನೆಯ ಬೇಡಿಕೆ ಬಲವಾಯಿತು. ಚಿತ್ರದುರ್ಗದ ರೈತರು, ಮಠಾಧೀಶರು, ವಿದ್ಯಾರ್ಥಿಗಳು ವರ್ಷಗಟ್ಟಲೆ ಬೀದಿಗಿಳಿದರು. ಕಡೂರು, ತರೀಕೆರೆಯವರೂ ದನಿಗೂಡಿಸಿದರು. ಯೋಜನೆಯ ಲೆಕ್ಕ ಹೀಗಿದೆ: ತುಂಗೆಯಿಂದ 17.40 ಟಿಎಂಸಿ ನೀರನ್ನು ಭದ್ರೆಗೆ ಎತ್ತುವುದು. ಭದ್ರೆಯಿಂದ ಒಟ್ಟು 29.90 ಟಿಎಂಸಿಯನ್ನು ಶಾಂತಿಪುರ, ಬೆಟ್ಟತಾವರೆಕೆರೆಗಳ ಪಂಪ್‌ಹೌಸ್‌ಗಳಲ್ಲಿ ಮೇಲೇರಿಸಿ ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರ್ ಸುರಂಗದಲ್ಲಿ ದಾಟಿಸುವುದು. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳಲ್ಲಿ 2,25,515 ಹೆಕ್ಟೇರಿಗೆ ಹನಿ ನೀರಾವರಿ ಒದಗಿಸಿ 367 ಕೆರೆಗಳನ್ನು ತುಂಬಿಸುವುದು. ಅಂದಾಜು ವೆಚ್ಚ 21,473 ಕೋಟಿ ರೂಪಾಯಿಗೆ ಏರಿತು.

ಈ ಯೋಜನೆಯ ಮೇಲೆ ದೂರುಗಳು ಬಹಳ. ಭೂಸ್ವಾಧೀನ ತಡವಾಯಿತು, ಅಜ್ಜಂಪುರದ ಬಳಿ ರೈಲು ಹಳಿ ದಾಟುವ ಜಾಗದಲ್ಲಿ ಕೆಲಸ ನಿಂತಿತು, ವೆಚ್ಚ ಬೆಳೆಯಿತು. 2023ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿಗಾಗಿ ರಾಜ್ಯ ಮತ್ತು ಕೇಂದ್ರದ ನಡುವೆ ಎಳೆದಾಟ ನಡೆಯಿತು. ಇಷ್ಟರ ನಡುವೆಯೂ ಗಮನಿಸಬೇಕಾದ ಮಾತೊಂದಿದೆ. ಈ ಕಾಲದಲ್ಲಿ ಬೆಂಗಳೂರಿನಲ್ಲಿ ಕಾಂಗ್ರೆಸ್, ಜೆಡಿಎಸ್, ಬಿಜೆಪಿ ಮೂರೂ ಪಕ್ಷಗಳ ಮುಖ್ಯಮಂತ್ರಿಗಳು ಬಂದುಹೋದರು. ಹಿಂದಿನವರು ಆರಂಭಿಸಿದ್ದೆಂದು ಯಾರೂ ಕೆಲಸವನ್ನು ಕೈಬಿಡಲಿಲ್ಲ, ಕೈಬಿಡಲು ಜನ ಬಿಡಲಿಲ್ಲ. 2019ರ ಅಕ್ಟೋಬರಿನಲ್ಲಿ ಅಜ್ಜಂಪುರದ ಮೂಲಕ ಮಾರಿಕಣಿವೆಯತ್ತ ಮೊದಲ ನೀರು ಹರಿಯಿತು. ಚುನಾವಣೆಯಲ್ಲಿ ಒಬ್ಬರನ್ನೊಬ್ಬರು ಬೈದುಕೊಳ್ಳುವ ಪಕ್ಷಗಳಿಂದಲೂ ಜನ ಬೆನ್ನುಬಿಡದೆ ಕೇಳಿದರೆ ಕೆಲಸ ಆಗುತ್ತದೆ ಎಂಬುದಕ್ಕೆ ಇದು ಕಣ್ಣೆದುರಿನ ಸಾಕ್ಷಿ.

ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿ ಇನ್ನೊಂದು ಸಾಕ್ಷಿ. ಭದ್ರಾ ಅಭಯಾರಣ್ಯದೊಳಗಿದ್ದ ಹಳ್ಳಿಗಳಿಗೆ ರಸ್ತೆ, ಆಸ್ಪತ್ರೆ ದೂರವಿದ್ದವು. ಬೆಳೆಗೆ ಆನೆ, ಹಂದಿಗಳ ಕಾಟ. 2001–02ರಲ್ಲಿ 419 ಕುಟುಂಬಗಳು ಒಪ್ಪಿ ಹೊರಬಂದವು. ಕೆಲವರು ಕೆಳಗೂರಿಗೆ, ಉಳಿದವರು ಎಂ.ಸಿ. ಹಳ್ಳಿಗೆ. ಭೂಮಿ, ಮನೆ, ಶಾಲೆ ಸಿಕ್ಕವು. ವನ್ಯಜೀವಿ ವಿಜ್ಞಾನಿ ಕೃತಿ ಕಾರಂತ್ 2002ರಲ್ಲಿ ಒಮ್ಮೆ, 2006ರಲ್ಲಿ ಮತ್ತೊಮ್ಮೆ ಮನೆಮನೆಗೆ ಹೋಗಿ ಕೇಳಿದಾಗ ಶೇ 71ರಷ್ಟು ಜನ ಹೊಸ ಬದುಕಿನ ಬಗ್ಗೆ ತೃಪ್ತಿ ಹೇಳಿದರು. ಸರ್ಕಾರದ ಕೆಲಸದ ಬಗ್ಗೆ ತೃಪ್ತರಾದವರು ಅಷ್ಟಿರಲಿಲ್ಲ. ಆದರೂ ಅಣೆಕಟ್ಟೆಯ ಕಾಲದಲ್ಲಿ ಜನರನ್ನು ಎಬ್ಬಿಸಿದ ರೀತಿಗೂ ಇದಕ್ಕೂ ಬಹಳ ಅಂತರ. ಹಳೆಯ ತಪ್ಪಿನಿಂದ ಕಲಿಯುವ ಶಕ್ತಿ ನಮ್ಮ ವ್ಯವಸ್ಥೆಗೆ ಇದೆ.

ಅಮೆರಿಕಕ್ಕೂ ಇಂಥ ಕಾಲ ಬಂದಿತ್ತು. ಮಾರಿಕಣಿವೆ ಮೊದಲ ಸಲ ಕೋಡಿ ಬಿದ್ದ 1933ರಲ್ಲಿ ಅಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಕಾನ್ಸಸ್, ಒಕ್ಲಹೋಮ ಸೀಮೆಯಲ್ಲಿ ಬರ ಬಿದ್ದು, ಹುಲ್ಲುಗಾವಲು ಉತ್ತು ಸಡಿಲಾಗಿದ್ದ ಮೇಲ್ಮಣ್ಣು ಗಾಳಿಗೆ ಎದ್ದು ಹಗಲನ್ನು ಕತ್ತಲು ಮಾಡಿತು. 1935ರ ಏಪ್ರಿಲಿನಲ್ಲಿ ಮಣ್ಣು ಸಂರಕ್ಷಣೆಯ ಕಾಯ್ದೆ ಬಂತು. ಅದಕ್ಕಾಗಿ ಹೋರಾಡಿದವರು ಮಣ್ಣು ವಿಜ್ಞಾನಿ ಹ್ಯೂ ಬೆನೆಟ್. ನಂತರ ರೈತರೇ ಸೇರಿ ನಡೆಸುವ ಮಣ್ಣು ಸಂರಕ್ಷಣಾ ವಲಯಗಳು ದೇಶದ ಉದ್ದಗಲಕ್ಕೂ ಹುಟ್ಟಿದವು.

ಆಮೇಲೆ ಅಲ್ಲಿಯೂ ಆದದ್ದು ನಮ್ಮ ಕಥೆಯೇ. ಒಗಲಾಲ ಎಂಬ ವಿಶಾಲ ಅಂತರ್ಜಲ ಭಂಡಾರಕ್ಕೆ ಪಂಪು ಹಾಕಿ ಮೆಕ್ಕೆಜೋಳ ಬೆಳೆದರು, ನೀರು ಕೆಳಗಿಳಿಯಿತು. ವಾಯವ್ಯ ಕಾನ್ಸಸ್ಸಿನ ಶೆರಿಡನ್, ಥಾಮಸ್ ಕೌಂಟಿಗಳ ರೈತರು ಸಭೆ ಮೇಲೆ ಸಭೆ ಸೇರಿ, 2012ರಲ್ಲಿ ರಾಜ್ಯ ತಂದ ಕಾನೂನನ್ನು ಬಳಸಿಕೊಂಡು, ತಮಗೆ ತಾವೇ ಮಿತಿ ಹಾಕಿಕೊಂಡರು. 2013ರಿಂದ ಐದು ವರ್ಷ ಪ್ರತಿ ಎಕರೆಗೆ ಒಟ್ಟು 55 ಅಂಗುಲಕ್ಕಿಂತ ಹೆಚ್ಚು ನೀರೆತ್ತುವಂತಿರಲಿಲ್ಲ. ಅದು ಹಿಂದಿನ ಬಳಕೆಗಿಂತ ಸುಮಾರು ಶೇ 20 ಕಡಿಮೆ. ಸರ್ಕಾರದ ಹಸ್ತಕ್ಷೇಪವನ್ನು ಇಷ್ಟಪಡದ ಜನ ಅವರು. ಆದರೆ ನಿಯಮ ತಾವೇ ಬರೆದದ್ದರಿಂದ ಪಾಲಿಸಿದರು. ಕೆಲವರು ಮೆಕ್ಕೆಜೋಳ ಕಡಿಮೆ ಮಾಡಿ ನಮ್ಮ ಬಿಳಿಜೋಳದ ಜಾತಿಯ ಬೆಳೆಗೆ ತಿರುಗಿದರು. ನೀರಿನ ಬಳಕೆ ಗುರಿಗಿಂತಲೂ ಹೆಚ್ಚು ಇಳಿಯಿತು, ಲಾಭ ಕುಸಿಯಲಿಲ್ಲ. ಐದು ವರ್ಷ ಮುಗಿದ ಮೇಲೆ ಒಪ್ಪಂದವನ್ನು ಮುಂದುವರಿಸಿದರು. ಟಿವಿಯಲ್ಲಿ ಕಾಣುವ ಅಮೆರಿಕ ಬೇರೆ, ಹೊಲದ ಅಂಚಿನಲ್ಲಿ ನಿಂತು ಮಾತಾಡುವ ಅಮೆರಿಕ ಬೇರೆ. ಆ ದೇಶದ ಬಗ್ಗೆ ಆಶೆ ಇಟ್ಟುಕೊಳ್ಳಲು ಈ ಎರಡನೆಯದು ಸಾಕಷ್ಟು ಕಾರಣ.

ಕಡೂರು, ಅಜ್ಜಂಪುರದವರಿಗೆ ಇದರಲ್ಲಿ ನೇರ ಪಾಠವಿದೆ. ಸುರಂಗ ನೀರು ತರಬಹುದು, ಕಟ್ಟುಪಾಡು ತರಲಾರದು. ಮೇಲ್ದಂಡೆಯ ನೀರನ್ನು ಲೆಕ್ಕ ಹಾಕಿದ್ದು ಹನಿ ನೀರಾವರಿಗೆ. ನೀರು ಬರುತ್ತದೆಂದು ರಾಗಿ, ಶೇಂಗಾ, ಈರುಳ್ಳಿಯ ಹೊಲಗಳನ್ನೆಲ್ಲ ಅಡಿಕೆ ತೋಟ ಮಾಡಿದರೆ ತುಂಬಿದ ಕೆರೆಯೂ ಸಾಲದು, ಬೋರ್‌ವೆಲ್ ಪೈಪೋಟಿ ಮತ್ತೆ ಶುರುವಾಗುತ್ತದೆ. ದಾರಿ ತೋರುವ ಪ್ರಯತ್ನ ಈಗಾಗಲೇ ನಡೆದಿದೆ. 2019ರ ಡಿಸೆಂಬರಿನಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆ ಚಿಕ್ಕಮಗಳೂರು ಜಿಲ್ಲೆಗೂ ಬಂತು. ಗ್ರಾಮ ಪಂಚಾಯಿತಿಗಳು ತಮ್ಮ ನೀರಿನ ಆಯವ್ಯಯ ತಾವೇ ಬರೆಯುವುದು ಅದರ ತಿರುಳಾಗಿತ್ತು. ಪಂಚಾಯಿತಿಯ ಅರ್ಧ ಸ್ಥಾನಗಳು ಈಗ ಹೆಣ್ಣುಮಕ್ಕಳಿಗೆ ಮೀಸಲು. ಕೊಡ ಹೊತ್ತು ದೂರ ನಡೆದವರಿಗೆ ನೀರಿನ ಬೆಲೆ ಯಾರೂ ಕಲಿಸಬೇಕಿಲ್ಲ.

ಆದ್ದರಿಂದ ಮೂರೂ ತಾಲ್ಲೂಕಿನ ಓದುಗರಲ್ಲಿ ಒಂದು ಮನವಿ. ನಿಮ್ಮೂರ ಕೆರೆಗೆ ಮೇಲ್ದಂಡೆಯ ನೀರು ಬರುವ ಮೊದಲೇ ಗ್ರಾಮಸಭೆ ಕರೆಯಿರಿ. ಎಷ್ಟು ನೀರು, ಯಾವ ಬೆಳೆ, ಹೊಸ ಬೋರ್‌ವೆಲ್ ಎಷ್ಟಕ್ಕೆ ನಿಲ್ಲಬೇಕು ಎಂಬುದನ್ನು ಕೂತು ತೀರ್ಮಾನಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಎಲ್ಲರೂ ಸಹಿ ಹಾಕಿ. ಮುಂದಿನ ಬರಕ್ಕೆ ಈ ಸೀಮೆ ಹೆದರದೆ ನಿಲ್ಲುವುದು ಆ ಸಹಿಗಳ ಬಲದಿಂದ.