ಮೈತುಂಬ ಕೀವುಗುಳ್ಳೆ: ಅಂಟುರೋಗವಲ್ಲ, ಆದರೆ ತಡಮಾಡುವಂತಿಲ್ಲ

ಮೊಣಕೈ, ಮೊಣಕಾಲು, ತಲೆಯ ಮೇಲೆ ಬಿಳಿ ಹೊಟ್ಟು ಏಳುವ ಸೋರಿಯಾಸಿಸ್ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿರುವ ಚರ್ಮರೋಗ. ಅದೇ ಬಳಗಕ್ಕೆ ಸೇರಿದ, ತೀರಾ ಅಪರೂಪದ, ಆದರೆ ಪ್ರಾಣಾಪಾಯ ತರಬಲ್ಲ ಇನ್ನೊಂದು ರೂಪವಿದೆ. ಜನರಲೈಸ್ಡ್ ಪಸ್ಟುಲರ್ ಸೋರಿಯಾಸಿಸ್, ಚುಟುಕಾಗಿ ಜಿಪಿಪಿ, ಎಂಬುದು ಅದರ ಹೆಸರು. 1910ರಲ್ಲಿ ಲಿಯೋ ಫಾನ್ ಜುಂಬುಷ್ ಎಂಬ ವೈದ್ಯರು ಇದನ್ನು ವಿವರಿಸಿದರು.

ಇದ್ದಕ್ಕಿದ್ದಂತೆ ಜ್ವರ, ಚಳಿ. ಮೈ ಕೆಂಪಾಗಿ ಉರಿಯುತ್ತದೆ. ಒಂದೆರಡು ದಿನಗಳಲ್ಲಿ ಸಣ್ಣ ಸಣ್ಣ ಕೀವುಗುಳ್ಳೆಗಳು ಎದ್ದು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ನೋಡಿದವರು ಸಿಡುಬೋ, ಅಂಟುರೋಗವೋ, ದೋಷವೋ ಎಂದು ದೂರ ಸರಿಯುತ್ತಾರೆ. ಆದರೆ ಆ ಕೀವಿನಲ್ಲಿ ರೋಗಾಣುಗಳೇ ಇರುವುದಿಲ್ಲ. ಅದು ನಮ್ಮದೇ ರಕ್ತದ ಬಿಳಿಕಣಗಳು ಚರ್ಮಕ್ಕೆ ನುಗ್ಗಿ ಆದ ಕೀವು. ಹಾಗಾಗಿ ರೋಗಿಯ ತಟ್ಟೆ, ಹಾಸಿಗೆ ಬೇರೆ ಮಾಡಬೇಕಾದ ಅಗತ್ಯವಿಲ್ಲ.

ಹಾಗಾದರೆ ಏನು ಕೆಟ್ಟಿದೆ? ಗಂಗಾವತಿ ಕಡೆಯ ಭತ್ತದ ಗದ್ದೆಗಳಿಗೆ ತುಂಗಭದ್ರಾ ಕಾಲುವೆಯ ನೀರೇ ಜೀವ. ಆದರೆ ತೂಬು ಮುಚ್ಚದೆ ಹೋದರೆ ಅದೇ ನೀರು ಬೆಳೆಯನ್ನು ಮುಳುಗಿಸುತ್ತದೆ. ಚರ್ಮದಲ್ಲಿ ಇಂಟರ್‌ಲ್ಯೂಕಿನ್-36 ಎಂಬ ಎಚ್ಚರಿಕೆಯ ಸಂಕೇತವಿದೆ. ಅದನ್ನು ತಡೆಯಲು ಇನ್ನೊಂದು ಪ್ರೋಟೀನು ಇರುತ್ತದೆ. ಕೆಲವು ರೋಗಿಗಳಲ್ಲಿ ಈ ತಡೆಯ ವಂಶವಾಹಿಯೇ ಕೆಟ್ಟಿರುತ್ತದೆ ಎಂಬುದು 2011ರಲ್ಲಿ ತಿಳಿದುಬಂತು.

ಹೊಸ ಔಷಧದ ದಾರಿ ತೆರೆದದ್ದು ಇಲ್ಲಿಂದ. ಸ್ಪೆಸೊಲಿಮಾಬ್ ಎಂಬ ಔಷಧ ರೋಗನಿರೋಧಕ ಶಕ್ತಿಯನ್ನು ಪೂರ್ತಿ ಅಡಗಿಸದೆ ಆ ಒಂದು ಸಂಕೇತವನ್ನಷ್ಟೇ ತಡೆಯುತ್ತದೆ. 2021ರಲ್ಲಿ ಪ್ರಕಟವಾದ 53 ರೋಗಿಗಳ ಅಧ್ಯಯನದಲ್ಲಿ, ಇದನ್ನು ರಕ್ತನಾಳದ ಮೂಲಕ ಪಡೆದವರಲ್ಲಿ ಶೇ. 54 ಮಂದಿಗೆ ಒಂದೇ ವಾರದಲ್ಲಿ ಕಣ್ಣಿಗೆ ಕಾಣುವ ಗುಳ್ಳೆಗಳಿರಲಿಲ್ಲ. ಔಷಧವಿಲ್ಲದ ದ್ರವ ಪಡೆದವರಲ್ಲಿ ಇದು ಶೇ. 6 ಮಾತ್ರ. ಅಮೆರಿಕಾ 2022ರಲ್ಲಿ ಇದಕ್ಕೆ ಒಪ್ಪಿಗೆ ನೀಡಿತು. ಬೆಂಗಳೂರಿನ ಬಯೋಕಾನ್ 2013ರಲ್ಲಿ ಹೊರತಂದ ಇಟೊಲಿಜುಮಾಬ್ ಕೂಡ ಇಂಥ ಗುರಿಯಿಟ್ಟ ಔಷಧವೇ, ಆದರೆ ಅದು ಸಾಮಾನ್ಯ ಸೋರಿಯಾಸಿಸ್‌ಗೆ. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಸ್ಪೆಸೊಲಿಮಾಬ್ ಬಹಳ ದುಬಾರಿ. ಅದು ಕೈಗೆಟುಕದಿದ್ದರೆ ದಾರಿಯೇ ಇಲ್ಲವೆಂದಲ್ಲ. ಅಸಿಟ್ರೆಟಿನ್, ಸೈಕ್ಲೋಸ್ಪೋರಿನ್, ಮೆಥೊಟ್ರೆಕ್ಸೇಟ್ ಮೊದಲಾದ ಹಳೆಯ ಔಷಧಗಳಿಂದಲೂ ವೈದ್ಯರು ಚಿಕಿತ್ಸೆ ನೀಡುತ್ತಾರೆ. ಮುಖ್ಯವಾದದ್ದು ರೋಗಿ ಸಮಯಕ್ಕೆ ಆಸ್ಪತ್ರೆ ತಲಪುವುದು.

ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದ ಕೊಪ್ಪಳ ಜಿಲ್ಲೆಯಲ್ಲಿ ದುಡಿಯುವ ಧರ್ಮಭಗಿನಿಯರು, ಕಾರ್ಯಕರ್ತರು ಇಲ್ಲಿ ವಿಶೇಷ ಗಮನ ಕೊಡಬೇಕು. ಕುಷ್ಟಗಿ, ಯಲಬುರ್ಗಾದ ಒಣಭೂಮಿಯ ಹಳ್ಳಿಗಳಿಂದ ಜನ ದುಡಿಮೆಗಾಗಿ ಊರೂರಿಗೆ ಹೋಗುತ್ತಾರೆ. ತುರಿಕೆಗೆಂದು ಯಾರೋ ಕೊಟ್ಟ ಸ್ಟೀರಾಯ್ಡ್ ಮಾತ್ರೆ, ಸೂಜಿಯಿಂದ ಮೊದಮೊದಲು ಮೈ ಸ್ವಚ್ಛವಾಗುತ್ತದೆ. ಊರು ಬಿಟ್ಟಾಗ ಔಷಧ ನಿಲ್ಲುತ್ತದೆ. ಸೋರಿಯಾಸಿಸ್ ಇದ್ದವರು ಸ್ಟೀರಾಯ್ಡನ್ನು ಹೀಗೆ ಹಠಾತ್ತನೆ ನಿಲ್ಲಿಸುವುದೇ ಜಿಪಿಪಿ ಕೆರಳಲು ಒಂದು ಪ್ರಮುಖ ಕಾರಣ. ನಮ್ಮ ಮಟ್ಟದಲ್ಲಿ ತಡೆಯಬಹುದಾದದ್ದು ಇದನ್ನೇ. ಆದರೆ ಈಗಾಗಲೇ ತೆಗೆದುಕೊಳ್ಳುತ್ತಿರುವವರಿಗೆ "ಇವತ್ತೇ ಬಿಟ್ಟುಬಿಡು" ಎಂದು ಹೇಳಬೇಡಿ. ವೈದ್ಯರೇ ಹಂತಹಂತವಾಗಿ ಕಡಿಮೆ ಮಾಡಬೇಕು.

ಗರ್ಭಿಣಿಯರಿಗೂ, ಹೆಚ್ಚಾಗಿ ಕೊನೆಯ ತಿಂಗಳುಗಳಲ್ಲಿ, ಈ ರೋಗ ಬರಬಹುದು. ಆಗ ತಾಯಿ, ಮಗು ಇಬ್ಬರಿಗೂ ಅಪಾಯ. ಅಸಿಟ್ರೆಟಿನ್ ಅವರಿಗೆ ಕೊಡುವಂತೆಯೇ ಇಲ್ಲ.

ಜ್ವರದೊಂದಿಗೆ ಮೈ ಕೆಂಪಾಗಿ ಗುಳ್ಳೆ ಎದ್ದರೆ ನಾಟಿ ಲೇಪದಲ್ಲಿ ದಿನ ಕಳೆಯದೆ ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ, ಇಲ್ಲವೇ ಹತ್ತಿರವಿದ್ದರೆ ಬಳ್ಳಾರಿ, ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕರೆದೊಯ್ಯಿರಿ. ಗುರಿಯಿಟ್ಟ ಔಷಧ ಆರಂಭಿಸುವ ಮೊದಲು ಕ್ಷಯದ ಪರೀಕ್ಷೆ ಮಾಡಿಸುತ್ತಾರೆ. ಒಳಗೆ ಅಡಗಿರುವ ಕ್ಷಯ ಇಂಥ ಕೆಲವು ಔಷಧಗಳಿಂದ ಎಚ್ಚರಗೊಳ್ಳಬಹುದು. ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಕ್ಷಯವಿದ್ದರೆ ಮುಚ್ಚಿಡದೆ ತಿಳಿಸಬೇಕು. ಹೊರಡುವಾಗ ಹಳೆಯ ಚೀಟಿ, ಮಾತ್ರೆಯ ಖಾಲಿ ಪಟ್ಟಿ, ಮುಲಾಮಿನ ಟ್ಯೂಬು ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಯಾವ ಸೂಜಿ ಕೊಟ್ಟರೆಂದು ರೋಗಿಗೆ ಹೇಳಲಾಗದಿದ್ದರೂ, ಆ ಚೀಟಿ ನೋಡಿ ವೈದ್ಯರಿಗೆ ತಿಳಿಯುತ್ತದೆ.