ಹೆಚ್ಚು ನುಡಿಯೂ ಕಡಿಮೆ ನುಡಿಯೂ

ಶಿವಮೊಗ್ಗೆಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ‘ಆಕಾಶವೇ ತೂತಾಗಿದೆ’ ಎನ್ನುತ್ತೇವೆ. ಪಕ್ಕದ ಭದ್ರಾವತಿಯಲ್ಲಿ 1923ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆಯನ್ನು ನೆನೆಯಿರಿ. ಕಬ್ಬಿಣ ಕರಗಲು 1,538 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಂತಹ ಕುಲುಮೆಯ ಮುಂದೆ ಪಾಳಿ ಮುಗಿಸಿ ಬಂದ ತಂದೆ, ‘ಇವತ್ತು ಸ್ವಲ್ಪ ಸೆಕೆ’ ಎಂದಷ್ಟೇ ನುಡಿದು ಕೈಕಾಲು ತೊಳೆಯಲು ಹೋದರೆ? ಮೊದಲನೆಯದು ಅತಿಶಯೋಕ್ತಿ, ಎರಡನೆಯದು ಮಿತೋಕ್ತಿ. ಎರಡೂ ಅಳತೆ ತಪ್ಪಿದ ಮಾತುಗಳೇ. ಆದರೆ ಎರಡೂ ಸುಳ್ಳಲ್ಲ.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೇ ಅತಿಶಯವನ್ನು ಅಲಂಕಾರಗಳ ಸಾಲಿನಲ್ಲಿ ಕೂರಿಸಿದೆ. ಮಿತೋಕ್ತಿಗೆ ನಮ್ಮ ಶಾಲೆಯ ಅಲಂಕಾರ ಪಾಠಗಳಲ್ಲಿ ಅಷ್ಟು ಪ್ರಸಿದ್ಧಿಯಿಲ್ಲ. ಆಡದೆ ಉಳಿದುದರಲ್ಲಿಯೇ ಅದರ ಅರ್ಥವೆಲ್ಲ ಇರುವುದು.

ಇದೇ ಜಿಲ್ಲೆಯ ಬಳ್ಳಿಗಾವೆಯೊಡನೆ ಹೆಸರು ಬೆಸೆದ ಅಲ್ಲಮಪ್ರಭುವಿನ ಕಥೆಯನ್ನೇ ನೋಡೋಣ. ಹರಿಹರನ ರಗಳೆಯಲ್ಲಿ ಅಲ್ಲಮನು ಕಮಲತೆಯನ್ನು ಒಲಿದು, ಅವಳನ್ನು ಕಳೆದುಕೊಂಡು ಕೊರಗುವ ಮದ್ದಳೆಕಾರ. ಹದಿನೈದನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಾದರೋ ಮಾಯೆಯೇ ಭೂಮಿಗಿಳಿದು ಬಂದರೂ ಅವನನ್ನು ಗೆಲ್ಲಲಾರಳು. ಹರಿಹರ ಪ್ರಭುವನ್ನು ನಮ್ಮ ನೋವಿಗೆ ಹತ್ತಿರ ತಂದ. ಚಾಮರಸ ಅವನ ವೈರಾಗ್ಯವನ್ನು ಮುಗಿಲಿಗೇರಿಸಿದ. ಚಾಮರಸನ ಉತ್ಪ್ರೇಕ್ಷೆ ಅಳೆಯುವುದು ನಡೆದ ಘಟನೆಯನ್ನಲ್ಲ, ಕವಿಯ ಭಕ್ತಿಯನ್ನು.

ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ವಚನಗಳಲ್ಲಿ ತಮ್ಮನ್ನು ಎಲ್ಲರಿಗಿಂತ ಚಿಕ್ಕವರೆಂದು ಕಂಡುಕೊಂಡರು. ತನ್ನನ್ನು ತಗ್ಗಿಸಿಕೊಳ್ಳುವ ಈ ಮಾತು ಮಿತೋಕ್ತಿಯೆನಿಸಿದರೂ, ಆ ತಗ್ಗುವಿಕೆಗೆ ಮಿತಿಯೇ ಇಲ್ಲವಾದಾಗ ಅದು ವಿನಯದ ಅತಿಶಯೋಕ್ತಿಯೂ ಹೌದು. ಹೀಗೆ ಎರಡು ನುಡಿಗಳೂ, ಕೂಡಲಿಯಲ್ಲಿ ತುಂಗೆ ಭದ್ರೆಯರಂತೆ, ಒಂದೆಡೆ ಸೇರುತ್ತವೆ.

ಆದರೆ ಇವೆರಡೂ ಕೇಳುವವರ ತಿಳಿವನ್ನು ನಂಬಿ ನಿಂತಿವೆ. ಆಕಾಶ ತೂತಾಗದೆಂದು ಬಲ್ಲವರಿಗೆ ಮಾತ್ರ ಆ ಮಾತು ಅಲಂಕಾರ. ಹೆಣ್ಣು ನೋಡುವ ಶಾಸ್ತ್ರದಲ್ಲಿ ವರನ ಸಂಬಳವನ್ನು ಉಬ್ಬಿಸಿ ಹೇಳುವುದು ಅತಿಶಯೋಕ್ತಿಯಲ್ಲ, ವಂಚನೆ. ಅಲ್ಲಿ ಕೇಳುವವರಿಗೆ ನಿಜ ತಿಳಿದಿರುವುದಿಲ್ಲ. ಮಿತೋಕ್ತಿಯ ಅಪಾಯ ಬೇರೆ ಬಗೆಯದು. ‘ಏನಿಲ್ಲ, ಸ್ವಲ್ಪ ಎದೆ ಹಿಡಿದಂತಾಗಿತ್ತು’ ಎಂದು ತಾಯಿ ನುಡಿದಾಗ ಮಕ್ಕಳು ಅದನ್ನು ಅಕ್ಷರಶಃ ನಂಬಿಬಿಟ್ಟರೆ, ಆ ಸಂಕೋಚದ ಬೆಲೆಯನ್ನು ತಾಯಿಯೇ ತೆರಬೇಕಾಗುತ್ತದೆ.

ಆದ್ದರಿಂದ ಕಾವ್ಯವನ್ನು ಓದುವ ಅಭ್ಯಾಸ ಮನೆಗೂ ಬೇಕು. ದೊಡ್ಡ ಮಾತಿನಿಂದ ಒಂದಿಷ್ಟು ಕಳೆದು, ಚಿಕ್ಕ ಮಾತಿಗೆ ಬಹಳಷ್ಟು ಕೂಡಿಸಿ ಕೇಳುವುದನ್ನು ಕಲಿಯೋಣ. ‘ಸ್ವಲ್ಪ ಸೆಕೆ’ ಎಂದ ತಂದೆಯ ಮುಂದೆ ಒಂದು ಲೋಟ ತಣ್ಣನೆಯ ಮಜ್ಜಿಗೆ ತಂದಿಟ್ಟ ಮಗಳಿಗೆ ಅಲಂಕಾರಶಾಸ್ತ್ರವನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ.